ಬೋರ್ಡಿನ ಮೇಲೆ ಅರವತ್ತು, ಬೆಂಚಿನ ಮೇಲೆ ಮೂವತ್ತು!



2023ರ ಡಿಸೆಂಬರ್ 27ರಂದು ಬೆಂಗಳೂರಿನ ಬೀದಿಗಳಲ್ಲಿ ಇಂಗ್ಲಿಷ್ ಬೋರ್ಡುಗಳು ಕಿತ್ತು ಬಿದ್ದವು. ನಿಮ್ಮಲ್ಲಿ ಎಷ್ಟೋ ಜನ ಅಲ್ಲಿದ್ದಿರಿ. ಕೇಸು ಹಾಕಿಸಿಕೊಂಡವರಿದ್ದೀರಿ, ಜೈಲು ಕಂಡು ಬಂದವರಿದ್ದೀರಿ. ಅದಕ್ಕೆ ಫಲವೂ ಸಿಕ್ಕಿತು. 2024ರಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ತಿದ್ದುಪಡಿ ಬಂದು, ನಾಮಫಲಕದಲ್ಲಿ ಶೇ. 60 ಕನ್ನಡ ಇರಲೇಬೇಕು, ಅದೂ ಮೇಲುಭಾಗದಲ್ಲಿ ಇರಬೇಕು ಎಂದಾಯಿತು. ಶಾಬಾಸ್! ಇದನ್ನು ಯಾರೂ ಕರೆದು ಕೊಡಲಿಲ್ಲ, ನೀವು ಕಸಿದುಕೊಂಡಿರಿ.

ಈಗ ಇನ್ನೊಂದು ಅಂಕಿ ಹೇಳುತ್ತೇನೆ, ಕೂತು ಕೇಳಿ.

ಪ್ರಥಮ್ ಎಂಬ ಸಂಸ್ಥೆಯವರು 2005ರಿಂದ ದೇಶದ ಹಳ್ಳಿಗಳಲ್ಲಿ 'ಅಸರ್' ಎಂಬ ಸಮೀಕ್ಷೆ ನಡೆಸುತ್ತಿದ್ದಾರೆ. 2022ರ ವರದಿಯಲ್ಲಿ ನಮ್ಮ ಕರ್ನಾಟಕದ ಹಳ್ಳಿಗಳ ಲೆಕ್ಕ ಹೀಗಿದೆ: ಐದನೇ ತರಗತಿಯಲ್ಲಿ ಕೂತ ನೂರು ಮಕ್ಕಳಲ್ಲಿ ಎರಡನೇ ತರಗತಿಯ ಮಟ್ಟದ ಒಂದು ಸಣ್ಣ ಕತೆಯನ್ನು ತಡವರಿಸದೆ ಓದಬಲ್ಲವರು ಸುಮಾರು 30 ಮಂದಿ. ಸರಕಾರಿ, ಖಾಸಗಿ ಎರಡೂ ಶಾಲೆ ಸೇರಿ! 2018ರಲ್ಲಿ ಈ ಸಂಖ್ಯೆ 46 ಇತ್ತು. ಮೂರನೇ ತರಗತಿಯ ಗತಿ ಕೇಳಬೇಡಿ, 2022ರಲ್ಲಿ ನೂರಕ್ಕೆ ಹತ್ತು ಜನವೂ ಇಲ್ಲ. 2024ರ ವರದಿಯಲ್ಲಿ ಸ್ವಲ್ಪ ಚೇತರಿಕೆ ಕಂಡಿದೆ ಎಂದು ಅಧಿಕಾರಿಗಳು ಬೆನ್ನು ಚಪ್ಪರಿಸಿಕೊಂಡರು. ಆದರೂ ಐದನೇ ತರಗತಿಯ ಓದು ಅರ್ಧದ ಗಡಿ ದಾಟಿಲ್ಲ.

ಅಂದರೆ ಏನಾಯಿತು? ಬೋರ್ಡಿನ ಮೇಲೆ ಅರವತ್ತು ಪರ್ಸೆಂಟ್ ಕನ್ನಡ ಬರೆಸಿದೆವು. ಅದನ್ನು ಓದಬೇಕಾದ ಪೋರರಲ್ಲಿ ಮೂವತ್ತು ಪರ್ಸೆಂಟ್ ಮಾತ್ರ ಬೆಂಚಿನ ಮೇಲೆ ತಯಾರಾಗಿದ್ದಾರೆ. ಉಳಿದವರ ಪಾಲಿಗೆ ಕನ್ನಡದ ಬೋರ್ಡೂ ಒಂದೇ, ಚೀನೀ ಬೋರ್ಡೂ ಒಂದೇ!

ಈ ಸಮೀಕ್ಷೆ ಮಾಡುವ ಬಗೆಯನ್ನು ತಿಳಿದುಕೊಳ್ಳಬೇಕು. ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ ಆರಿಸುತ್ತಾರೆ. ಶಾಲೆಗೆ ಹೋಗಿ ಕೇಳುವುದಿಲ್ಲ, ಮನೆಗೇ ಹೋಗುತ್ತಾರೆ. ಮಗುವಿನ ಕೈಯಲ್ಲಿ ಒಂದು ಹಾಳೆ ಇಡುತ್ತಾರೆ. ಅದರಲ್ಲಿ ಕೆಲವು ಅಕ್ಷರ, ಕೆಲವು ಪದ, ಒಂದನೇ ತರಗತಿಯ ಮಟ್ಟದ ನಾಲ್ಕು ಸಾಲು, ಎರಡನೇ ತರಗತಿಯ ಮಟ್ಟದ ಒಂದು ಕತೆ. ಓದು ಮಗಾ ಅನ್ನುತ್ತಾರೆ. ಎಲ್ಲಿಗೆ ನಿಲ್ಲುತ್ತದೋ ಅದೇ ಮಗುವಿನ ಮಟ್ಟ. ಇದಕ್ಕೆ ಗೈಡ್ ಇಲ್ಲ, ಕಾಪಿ ಇಲ್ಲ, ಕಿಟಕಿಯಿಂದ ಚೀಟಿ ಎಸೆಯುವ ಕಾಕಾ ಇಲ್ಲ. ನಮ್ಮ ಇಲಾಖೆಯ ದೊಡ್ಡ ದೊಡ್ಡ ಪರೀಕ್ಷೆಗಳಿಗಿಂತ ಈ ಒಂದು ಹಾಳೆ ಹೆಚ್ಚು ಸತ್ಯ ಹೇಳುತ್ತದೆ ಎಂದು ನನ್ನ ನಂಬಿಕೆ.

ನಾನು ಈ ಮಾತನ್ನು ಬೈಲಹೊಂಗಲದಲ್ಲಿ ಕೂತು ಬರೆಯುತ್ತಿದ್ದೇನೆ. ಬೆಳಗಾವಿ ಕಂದಾಯ ಜಿಲ್ಲೆ ಒಂದೇ ಆದರೂ ಶಿಕ್ಷಣ ಇಲಾಖೆಗೆ ಅದು ಎರಡು ಜಿಲ್ಲೆ: ಬೆಳಗಾವಿ ಒಂದು, ಚಿಕ್ಕೋಡಿ ಒಂದು. ಬೆಳಗಾವಿ ಶೈಕ್ಷಣಿಕ ಜಿಲ್ಲೆಯ ಪೂರ್ವ-ದಕ್ಷಿಣದ ನಾಲ್ಕು ವಲಯಗಳು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಖಾನಾಪುರ, ನಿಪ್ಪಾಣಿ, ಬೆಳಗಾವಿ ಅಂದರೆ ನೀವು ಬಸ್ಸು ತುಂಬಿಕೊಂಡು ಬರುತ್ತೀರಿ. ಅಲ್ಲಿ ಎದುರಾಳಿ ಇದ್ದಾನೆ, ಟಿವಿ ಕ್ಯಾಮೆರಾ ಇದೆ. ನಮ್ಮ ನಾಲ್ಕು ತಾಲೂಕಿಗೆ ಯಾರೂ ಬರುವುದಿಲ್ಲ. ಯಾಕೆ ಬರಬೇಕು? ಇಲ್ಲಿ ಜಗಳವೇ ಇಲ್ಲವಲ್ಲ! ಇಲ್ಲಿ ಎಲ್ಲರೂ ಕನ್ನಡಿಗರೇ. ಅಕ್ಟೋಬರ್ 23ಕ್ಕೆ ಕಿತ್ತೂರು ಉತ್ಸವಕ್ಕೆ ಬಂದು ಚೆನ್ನಮ್ಮನಿಗೆ ಮಾಲೆ ಹಾಕಿ, ಸಂಗೊಳ್ಳಿಯಲ್ಲಿ ರಾಯಣ್ಣನಿಗೆ ಜೈ ಅಂದು, ಎಂ.ಕೆ. ಹುಬ್ಬಳ್ಳಿಯಲ್ಲಿ ಚಹಾ ಕುಡಿದು ಹೈವೇ ಹಿಡಿಯುತ್ತೀರಿ. 2024ರಲ್ಲಿ ಕಿತ್ತೂರು ವಿಜಯಕ್ಕೆ 200 ವರ್ಷ ತುಂಬಿದಾಗಲೂ ಅದೇ ಆಯಿತು. ಹೈವೇದಿಂದ ಎರಡು ಮೈಲಿ ಒಳಗೆ ಇರುವ ಕನ್ನಡ ಶಾಲೆಯ ಐದನೇ ತರಗತಿಯೊಳಗೆ ಒಬ್ಬರಾದರೂ ಕಾಲಿಟ್ಟಿರಾ?

ಕಾಲಿಟ್ಟಿದ್ದರೆ ಕಾಣುತ್ತಿತ್ತು. ಒಬ್ಬರೇ ಮೇಷ್ಟ್ರು, ಎರಡು-ಮೂರು ತರಗತಿ ಒಂದೇ ಕೋಣೆಯಲ್ಲಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿ 2009-10ರಲ್ಲಿ ರಾಜ್ಯಕ್ಕೆಲ್ಲ ಹಬ್ಬಿದ 'ನಲಿ-ಕಲಿ' ಪದ್ಧತಿಯಲ್ಲಿ ಒಂದರಿಂದ ಮೂರರವರೆಗಿನ ಮಕ್ಕಳು ಕೂಡಿಯೇ ಕೂರುತ್ತಾರೆ. ಪದ್ಧತಿ ಒಳ್ಳೆಯದೇ. ಆದರೆ ಅದನ್ನು ನಡೆಸುವ ಗುರುಗಳನ್ನು ಜನಗಣತಿಗೆ, ಮತದಾರರ ಪಟ್ಟಿಗೆ, ಬಿಸಿಯೂಟದ ಅಕ್ಕಿ ಲೆಕ್ಕಕ್ಕೆ, ಮೊಟ್ಟೆ-ಬಾಳೆಹಣ್ಣಿನ ಲೆಕ್ಕಕ್ಕೆ ಎಳೆದುಕೊಂಡು ಹೋದರೆ ನಲಿಯುವವರು ಯಾರು, ಕಲಿಯುವವರು ಯಾರು? ಮಗು ನಾಲ್ಕನೇ ತರಗತಿಗೆ ಬಂದಾಗ ಒಮ್ಮೆಲೇ ದಪ್ಪ ದಪ್ಪ ಪುಸ್ತಕ ಕೈಗೆ ಬರುತ್ತವೆ. ಒತ್ತಕ್ಷರ ಬಾರದ ಮಗು ಅಲ್ಲೇ ಮುಗ್ಗರಿಸುತ್ತದೆ. 'ಅಮ್ಮ' ಓದುತ್ತದೆ, 'ಅಕ್ಕ' ಓದುತ್ತದೆ. 'ರಾಷ್ಟ್ರ' ಬಂದ ಕೂಡಲೇ ಗುರುಗಳ ಮುಖ ನೋಡುತ್ತದೆ. ಅಲ್ಲಿಂದ ಮುಂದೆ ಅದು ಓದುವುದಿಲ್ಲ, ನಕಲು ಮಾಡುತ್ತದೆ. ಬೋರ್ಡಿನ ಮೇಲಿದ್ದದ್ದನ್ನು ದುಂಡಗೆ ಬರೆಯುತ್ತದೆ. ಅಕ್ಷರ ಮುತ್ತಿನ ಹಾಗೆ! ಓದು ಅಂದರೆ ಬಾಯಿ ಬಿಡುವುದಿಲ್ಲ.

ಇದರ ಮೇಲೆ ಕೋವಿಡ್. 2020ರ ಮಾರ್ಚಿನಲ್ಲಿ ಮುಚ್ಚಿದ ಸಣ್ಣ ತರಗತಿಗಳ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ರಾಮದುರ್ಗದ ಕಡೆಯವರಿಗೆ ಅದಕ್ಕೂ ಮೊದಲೇ ಪೆಟ್ಟು ಬಿದ್ದಿತ್ತು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಮನೆ ಮಠ ಹೋದವು. ಮನೆ ಬಿದ್ದವರ ಮಕ್ಕಳು ಪುಸ್ತಕ ಎಲ್ಲಿಂದ ತಂದಾರು? ನೇಕಾರರ ಮನೆಯಲ್ಲಿ ಹುಡುಗ ಕಂಡಿಕೆ ಸುತ್ತಲು ಕೂಡುತ್ತಾನೆ, ಕಬ್ಬಿನ ಕಟಾವಿನ ಕಾಲಕ್ಕೆ ಹುಡುಗಿ ತಮ್ಮನನ್ನು ಕಂಕುಳಲ್ಲಿ ಹೊತ್ತು ಬಯಲಿಗೆ ಹೋಗುತ್ತಾಳೆ, ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡದ ಹಾದಿಯಲ್ಲಿ ಅಂಗಡಿ ಇಟ್ಟವರ ಮಕ್ಕಳು ಅಂಗಡಿ ಕಾಯುತ್ತಾರೆ. ಹಾಜರಿ ಪುಸ್ತಕದಲ್ಲಿ ಮಾತ್ರ ಎಲ್ಲರೂ ಹಾಜರ್!

ಹೀಗಿರುವಾಗ ಸರಕಾರ ಏನು ಮಾಡಿತು? ಪರೀಕ್ಷೆ ಮಾಡಿತು. ಅದರ ಕತೆ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು.

2022ರ ಡಿಸೆಂಬರಿನಲ್ಲಿ ಇಲಾಖೆ ಒಂದು ಸುತ್ತೋಲೆ ಹೊರಡಿಸಿತು. 5 ಮತ್ತು 8ನೇ ತರಗತಿಗೆ ರಾಜ್ಯಕ್ಕೆಲ್ಲ ಒಂದೇ ಪ್ರಶ್ನೆಪತ್ರಿಕೆಯ 'ಮೌಲ್ಯಾಂಕನ', ಆದರೆ ಯಾರನ್ನೂ ಫೇಲ್ ಮಾಡುವುದಿಲ್ಲ ಎಂದಿತು. 2023ರ ಮಾರ್ಚ್ 10ಕ್ಕೆ ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ರದ್ದು ಮಾಡಿತು. 15ಕ್ಕೆ ವಿಭಾಗೀಯ ಪೀಠ ನಡೆಸಿಕೊಳ್ಳಿ ಅಂದಿತು. 27ಕ್ಕೆ ಪರೀಕ್ಷೆ ಶುರುವಾಯಿತು. ಮರುವರ್ಷ ಅದಕ್ಕಿಂತ ದೊಡ್ಡ ಬಯಲಾಟ. 2024ರ ಮಾರ್ಚ್ 6ಕ್ಕೆ ಏಕಸದಸ್ಯ ಪೀಠ ರದ್ದು ಅಂದಿತು, ಮರುದಿನವೇ ವಿಭಾಗೀಯ ಪೀಠ ಆ ಆದೇಶಕ್ಕೆ ತಡೆ ಕೊಟ್ಟಿತು. 11ಕ್ಕೆ ಮಕ್ಕಳು ಪೆನ್ನು ಹಿಡಿದು ಕೂತರು. 12ಕ್ಕೆ ಸುಪ್ರೀಂ ಕೋರ್ಟು ವಿಭಾಗೀಯ ಪೀಠದ ಆದೇಶವನ್ನು ತೆಗೆದು ಹಾಕಿತು. ಪರೀಕ್ಷೆ ನಡುದಾರಿಯಲ್ಲಿ ನಿಂತಿತು. 22ಕ್ಕೆ ವಿಭಾಗೀಯ ಪೀಠ ಮತ್ತೆ ಸರಕಾರದ ಪರ ತೀರ್ಪು ಕೊಟ್ಟಿತು, 25ಕ್ಕೆ ಉಳಿದ ಪತ್ರಿಕೆ ಬರೆಸಿದರು. ಏಪ್ರಿಲ್ 8ಕ್ಕೆ ಸುಪ್ರೀಂ ಕೋರ್ಟು ಮತ್ತೆ ತಡೆ ಕೊಟ್ಟು, ಈ ಫಲಿತಾಂಶವನ್ನು ಯಾವ ಕಾರಣಕ್ಕೂ ಬಳಸಬಾರದು, ಪಾಲಕರಿಗೂ ತಿಳಿಸಬಾರದು ಎಂದಿತು.

ಹತ್ತು-ಹನ್ನೊಂದು ವರ್ಷದ ಮಗು ಇದು. ಬರೆ ಅಂದರು ಬರೆಯಿತು, ನಿಲ್ಲು ಅಂದರು ನಿಂತಿತು, ಮತ್ತೆ ಬರೆ ಅಂದರು ಬರೆಯಿತು. ಕಡೆಗೆ ಎಷ್ಟು ಬಂತು ಎಂದು ಅವರವ್ವನಿಗೂ ಹೇಳಬೇಡಿ ಅಂದರು!

ನ್ಯಾಯಾಲಯದ ತಪ್ಪು ಅನ್ನುತ್ತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 30ನೇ ಕಲಮಿನಲ್ಲಿ, ಎಂಟನೇ ತರಗತಿ ಮುಗಿಯುವ ತನಕ ಯಾವ ಮಗುವೂ ಬೋರ್ಡ್ ಪರೀಕ್ಷೆ ಪಾಸು ಮಾಡಬೇಕಾಗಿಲ್ಲ ಎಂದು ಸ್ಪಷ್ಟ ಬರೆದಿದೆ. ಕಾಯ್ದೆ ಹೀಗಿರುವಾಗ ನಿಯಮ ರೂಪಿಸಿ, ಶಾಸನಸಭೆಯ ಮುಂದಿಟ್ಟು, ಆಕ್ಷೇಪಣೆ ಕೇಳಿ ಮಾಡಬೇಕಾದ ಕೆಲಸವನ್ನು ಒಂದು ಸುತ್ತೋಲೆಯಲ್ಲಿ ಮುಗಿಸಲು ಹೊರಟರು. ಅದಕ್ಕೆ ಪೆಟ್ಟು ತಿಂದರು. ಇತ್ತ ಕೋರ್ಟಿಗೆ ಹೋದವರಲ್ಲಿ ಮುಂದೆ ನಿಂತವರು ಖಾಸಗಿ ಅನುದಾನರಹಿತ ಶಾಲೆಗಳ ಸಂಘಟನೆಗಳು. 'ಮಕ್ಕಳ ಮೇಲೆ ಒತ್ತಡ' ಎಂಬ ಮಾತು ಆಗ ಬಹಳ ಕೇಳಿಬಂತು. ಎಲ್‌ಕೆಜಿಗೆ ಸಂದರ್ಶನ ಮಾಡುವ, ಒಂದನೇ ತರಗತಿಗೆ ವಾರಕ್ಕೊಂದು ಟೆಸ್ಟ್ ಇಡುವ ಊರಿನಲ್ಲಿ ಈ ಮಾತು! ಬಡವರ ಮಗುವನ್ನು ವರ್ಷಕ್ಕೊಮ್ಮೆ ಅಳೆದರೆ ಮಾತ್ರ ಒತ್ತಡವಾಗುತ್ತದೆಯೇ?

ನನ್ನ ನಿಲುವು ನೇರವಾಗಿ ಹೇಳುತ್ತೇನೆ. ಪರೀಕ್ಷೆ ಬೇಕು. ಕೆಲವು ಹಿರಿಯ ಹೋರಾಟಗಾರರಿಗೆ ಇದು ಸೇರುವುದಿಲ್ಲ. ಅಂಕ ಹೊರಬಿದ್ದರೆ ಸರಕಾರಿ ಕನ್ನಡ ಶಾಲೆಯ ಮಾನ ಹೋಗುತ್ತದೆ, ಇದ್ದ ಮಕ್ಕಳೂ ಕಾನ್ವೆಂಟಿಗೆ ಓಡುತ್ತಾರೆ ಎಂಬ ಭಯ ಅವರಿಗೆ. ಅಲ್ಲಾ ಹಿರಿಯರೇ, ಅಂಕ ಮುಚ್ಚಿಟ್ಟ ಕಾಲದಲ್ಲಿ ಮಕ್ಕಳು ಓಡಲಿಲ್ಲವೇ? ಬೆಳಿಗ್ಗೆ ಎಂಟಕ್ಕೆ ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ಹಳದಿ ವ್ಯಾನುಗಳ ಸಾಲು ಕಾಣುತ್ತದೆ. ಒಂದೊಂದು ಹಳ್ಳಿಯಿಂದ ಟೈ ಕಟ್ಟಿದ ಮಕ್ಕಳು ಕುರಿಮರಿಗಳ ಹಾಗೆ ತುಂಬಿಕೊಂಡು ಬರುತ್ತವೆ. ಅವರಪ್ಪ ಯಾವ ವರದಿ ಓದಿ ಕಳಿಸಿದ? ಮಗ ಐದನೇತ್ತೆಗೆ ಬಂದರೂ ಸಕ್ಕರೆ ಕಾರಖಾನೆಯ ಬಿಲ್ಲಿನ ಮೇಲಿನ ಕನ್ನಡ ಓದಲಿಲ್ಲ, ಅದಕ್ಕೆ ಕಳಿಸಿದ. ಕನ್ನಡದ ಮೇಲಿನ ಸಿಟ್ಟಿನಿಂದಲ್ಲ. ಅಲ್ಲಿ ಹೋಗಿ ಕನ್ನಡವೂ ಬರಲಿಲ್ಲ, ಇಂಗ್ಲಿಷೂ ಬರಲಿಲ್ಲ ಎಂಬುದು ಹತ್ತನೇತ್ತೆಗೆ ಬಂದಾಗ ತಿಳಿಯುತ್ತದೆ.

ಹತ್ತನೇತ್ತೆಯ ಮಾತು ಬಂತಲ್ಲ. 2023ರಲ್ಲಿ ರಾಜ್ಯದ ಎಸ್‌ಎಸ್‌ಎಲ್‌ಸಿ ಫಲಿತಾಂಶ ಶೇ. 83.89. 2024ರಲ್ಲಿ ಪರೀಕ್ಷಾ ಕೋಣೆಗಳಿಗೆ ಕ್ಯಾಮೆರಾ ಹಚ್ಚಿ ನೇರ ನಿಗಾ ಇಟ್ಟರು. ಫಲಿತಾಂಶ ಶೇ. 73.40ಕ್ಕೆ ಬಿತ್ತು. ಅದೂ ಎಷ್ಟು ಕೃಪಾಂಕ ಸುರಿದ ಮೇಲೆ! ಕೃಪಾಂಕಕ್ಕೆ ಬೇಕಾದ ಅರ್ಹತೆಯನ್ನು ಶೇ. 35ರಿಂದ 25ಕ್ಕೆ ಇಳಿಸಿ, ಕೃಪಾಂಕವನ್ನು ಶೇ. 20ಕ್ಕೆ ಏರಿಸಿದ ಮೇಲೆ. ಕ್ಯಾಮೆರಾ ಯಾರನ್ನೂ ದಡ್ಡರನ್ನಾಗಿ ಮಾಡಲಿಲ್ಲ. ಐದನೇತ್ತೆಯಲ್ಲಿ ಓದಲು ಬಾರದೆ ಮುಂದೆ ಬಂದದ್ದನ್ನು ಹತ್ತನೇತ್ತೆಯಲ್ಲಿ ತೋರಿಸಿತು, ಅಷ್ಟೇ. ಐದು ವರ್ಷ ಮೊದಲೇ ತಿಳಿದಿದ್ದರೆ ಏನಾದರೂ ಮಾಡಬಹುದಿತ್ತು. ಹದಿನಾರು ವರ್ಷದ ಹುಡುಗನಿಗೆ ಒತ್ತಕ್ಷರ ಕಲಿಸಲು ಕೂರುವವರು ಯಾರು? ಅವನಾದರೂ ನಾಚಿಕೆ ಬಿಟ್ಟು ಕೂತಾನೆಯೇ?

ಪರೀಕ್ಷೆ ನಮ್ಮ ನೆಲಕ್ಕೆ ಹೊಸದೂ ಅಲ್ಲ. ಮುಂಬೈ ಸರಕಾರದ ಕಾಲದಲ್ಲಿ ಈ ಭಾಗದಲ್ಲಿ ಏಳನೇ ಇಯತ್ತೆಗೆ 'ಮುಲ್ಕಿ' ಪರೀಕ್ಷೆ ಇತ್ತು. ನಿಮ್ಮ ಮುತ್ತಜ್ಜನನ್ನು ಕೇಳುವ ಭಾಗ್ಯ ಇದ್ದರೆ ಕೇಳಿ. ಮುಲ್ಕಿ ಪಾಸಾದವನಿಗೆ ಊರಲ್ಲಿ ಪಟಗಾದ ಮರ್ಯಾದೆ. ಅದನ್ನೇ ಹಿಡಿದು ಕನ್ನಡ ಸಾಲಿಯ ಮಾಸ್ತರರಾದವರು, ತಲಾಠಿಯಾದವರು ಈ ನಾಲ್ಕೂ ತಾಲೂಕಿನಲ್ಲಿ ಬೇಕಾದಷ್ಟು ಜನ. ಆ ಅಜ್ಜಂದಿರು ಪಾವಕಿ, ದೀಡಕಿ ಮಗ್ಗಿ ಹೇಳುತ್ತ ಸಂತೆಯ ಲೆಕ್ಕವನ್ನು ಬಾಯಲ್ಲೇ ಮುಗಿಸುತ್ತಿದ್ದರು.

ಅದಕ್ಕೂ ಹಿಂದಿನ ಮಾತೊಂದಿದೆ. ಕಿತ್ತೂರು ಬಿದ್ದ ಮೇಲೆ ಈ ನಾಡಿನ ಕಚೇರಿಯಲ್ಲಿ, ಸಾಲೆಯಲ್ಲಿ ಮರಾಠಿಯದೇ ಕಾರುಬಾರು. ಕನ್ನಡದ ಮಕ್ಕಳು ಮರಾಠಿಯಲ್ಲಿ ಕಲಿಯಬೇಕಿತ್ತು. ಅದನ್ನು ತಿರುಗಿಸಿದವರಲ್ಲಿ ದೊಡ್ಡ ಹೆಸರು ಡೆಪ್ಯುಟಿ ಚೆನ್ನಬಸಪ್ಪನವರದು (1833-1881). ಆ 'ಡೆಪ್ಯುಟಿ' ಎಂಬುದು ಬಿರುದಲ್ಲ, ಕೆಲಸ. ಶಿಕ್ಷಣ ಇಲಾಖೆಯ ಡೆಪ್ಯುಟಿ ಇನ್‌ಸ್ಪೆಕ್ಟರ್! ಸಾಲೆ ಸಾಲೆಗೆ ಹೋಗಿ ಮಕ್ಕಳ ವಿದ್ಯೆ ನೋಡುವ ಕೆಲಸ. ಹಾಗೆ ನೋಡಿದವನಿಗೆ ಕನ್ನಡದ ಮಗುವಿಗೆ ಮರಾಠಿಯಲ್ಲಿ ವಿದ್ಯೆ ಹತ್ತುವುದಿಲ್ಲ ಎಂಬುದು ತಿಳಿಯದೆ ಇದ್ದೀತೇ? ಮರಾಠಿ ಸಾಲೆಗಳನ್ನು ಕನ್ನಡಕ್ಕೆ ತಂದರು, ಕನ್ನಡದಲ್ಲಿ ಪಠ್ಯ ಬರೆದರು, ಬರೆಸಿದರು. ನಮ್ಮ ಭಾಗದ ಕನ್ನಡ ಚಳವಳಿ ಹುಟ್ಟಿದ್ದೇ ಸಾಲೆಯ ಕೋಣೆಯೊಳಗೆ ಎಂಬುದನ್ನು ನಾವು ಮರೆತು ಕೂತಿದ್ದೇವೆ.

ಈಗ ನನ್ನ ಕಸುಬಿನ ಮಾತಿಗೆ ಬರುತ್ತೇನೆ, ಯಾಕೆಂದರೆ ಮುಖ್ಯ ತಕರಾರು ಅಲ್ಲೇ ಇದೆ. ನನ್ನದು ಪ್ರಿಂಟಿಂಗ್ ಪ್ರೆಸ್. ಮದುವೆ ಕಾರ್ಡು, ಜಾತ್ರೆ ಹ್ಯಾಂಡ್‌ಬಿಲ್ಲು, ಸೊಸೈಟಿ ಪಾವತಿ ಪುಸ್ತಕ, ಜೊತೆಗೆ ವರ್ಷಕ್ಕೆ ನಾಲ್ಕೈದು ಸಲ ಶಾಲೆಗಳ ಪ್ರಶ್ನೆಪತ್ರಿಕೆ. ಪ್ರೂಫ್ ನಾನೇ ನೋಡುತ್ತೇನೆ. ಪಿಯುಸಿ ಓದಿದ ನನಗೆ ಐದನೇ ತರಗತಿಯ ಪ್ರಶ್ನೆ ಅರ್ಥವಾಗಬೇಕಲ್ಲ? ಎಷ್ಟೋ ಸಲ ಆಗುವುದಿಲ್ಲ!

ಒಂದು ಖಾಸಗಿ ಶಾಲೆಯ ಪತ್ರಿಕೆ ಬಂತು. 'ಈ ಕೆಳಗಿನವುಗಳಲ್ಲಿ ಯಾವುದು ನಿರ್ಜೀವ ವಸ್ತುವಾಗಿರುವುದಿಲ್ಲ?' ಕೆಳಗೆ ಕಲ್ಲು, ಕುರ್ಚಿ, ಆಕಳು, ಪಾಟಿ. ನಾನು ಅದನ್ನು ತಂದ ಗುರುಗಳನ್ನು ಕೇಳಿದೆ: "ಸರ್, ಇವುಗಳಲ್ಲಿ ಜೀವ ಇರುವುದು ಯಾವುದು ಅಂತ ಕೇಳಿದರ ಆಗೂದಿಲ್ಲೇನ್ರಿ?" ಅವರು ನಕ್ಕು ಅಂದರು: "ಮೂಲ ಇಂಗ್ಲಿಷಿನ್ಯಾಗ ಹಂಗೈತ್ರಿ. ಇಂಗ್ಲಿಷ್ ನೋಡಿದ್ರ ಈ ಕನ್ನಡ ತಿಳೀತೈತಿ." ನೋಡಿದಿರಾ? ಕನ್ನಡ ತಿಳಿಯಬೇಕಾದರೆ ಇಂಗ್ಲಿಷ್ ನೋಡಬೇಕು! ಇಂಗ್ಲಿಷ್ ಪ್ರಶ್ನೆಯನ್ನು ಮೊಬೈಲಿನಲ್ಲಿ ಹಾಕಿ ಕನ್ನಡ ತೆಗೆದು ತಂದಿದ್ದರು. ಆ ಬಡಪಾಯಿ ಗುರುಗಳ ಮೇಲೆ ನನಗೆ ಸಿಟ್ಟಿಲ್ಲ, ತಿಂಗಳಿಗೆ ಸಿಗುವ ಪಗಾರಕ್ಕೆ ಅಷ್ಟೇ ಆಗುತ್ತದೆ.

ಆದರೆ ಇದೇ ರೋಗ ಮೇಲಿನಿಂದ ಬಂದರೆ? ದಿಲ್ಲಿಯಿಂದ ರಾಷ್ಟ್ರೀಯ ಸಾಧನಾ ಸಮೀಕ್ಷೆ ಬರುತ್ತದೆ. 2021ರ ನವೆಂಬರ್ 12ರಂದು 3, 5, 8, 10ನೇ ತರಗತಿಗಳಿಗೆ 22 ಭಾಷೆಗಳಲ್ಲಿ ನಡೆಯಿತು. 2024ರ ಡಿಸೆಂಬರ್ 4ರಂದು 'ಪರಖ್' ಎಂಬ ಹೊಸ ಹೆಸರಿನಲ್ಲಿ 3, 6, 9ನೇ ತರಗತಿಗಳಿಗೆ ನಡೆಯಿತು. ಒಂದೇ ಪತ್ರಿಕೆ ಇಷ್ಟು ಭಾಷೆಗೆ ಇಳಿಯುತ್ತದೆ ಅಂದರೆ ಏನು? ಮೊದಲು ಬೇರೆ ಭಾಷೆಯಲ್ಲಿ ಯೋಚಿಸಿದ್ದನ್ನು ಆಮೇಲೆ ಕನ್ನಡದ ಅಂಗಿ ತೊಡಿಸಿ ಕಳಿಸುತ್ತಾರೆ ಅಂತ. ಅಂಗಿ ಕನ್ನಡದ್ದು, ಮೈ ಕನ್ನಡದ್ದಲ್ಲ. ಬೆಂಗಳೂರಿನಲ್ಲಿ ತಯಾರಾಗುವುದಕ್ಕೂ ಇದೇ ಚಾಳಿ ಹತ್ತಿದೆ. ಕನ್ನಡ ಮಾಧ್ಯಮದ ಮಗುವಿಗೆ ಕನ್ನಡದಲ್ಲೇ ಹುಟ್ಟಿದ ಪ್ರಶ್ನೆ ಸಿಗುವ ತನಕ ಆ ಮಗುವಿನ ಅಂಕವನ್ನು ನಾನು ನಂಬುವುದಿಲ್ಲ. ಫೇಲಾದದ್ದು ಮಗುವೋ, ಅನುವಾದಕನೋ?

ಗಣಿತದಲ್ಲಿ ನೋಡಿ. 12ನ್ನು ಶೇಷವಿಲ್ಲದೆ ಭಾಗಿಸುವ 2, 3, 4, 6 ಇವು 'ಅಪವರ್ತನ'. 12, 24, 36 ಇವು 'ಅಪವರ್ತ್ಯ'. ಎರಡಕ್ಕೂ ಕೊನೆಯಲ್ಲಿ ಕೂದಲೆಳೆಯಷ್ಟು ಫರಕು. ಒತ್ತಕ್ಷರವೇ ಬಾರದ ಮಗು ಇದನ್ನು ಹೇಗೆ ಬೇರ್ಪಡಿಸಬೇಕು? ಲೆಕ್ಕ ಬರುತ್ತದೆ ಅದಕ್ಕೆ, ಪದ ಬರುವುದಿಲ್ಲ. ಮನೆಯಲ್ಲಿ ಐದು ರೂಪಾಯಿಗೆ ಮೂರು ನಿಂಬೆಹಣ್ಣಿನ ಹಾಗೆ ಮಾರಿ ಚಿಲ್ಲರೆ ಸರಿಯಾಗಿ ಕೊಡುವ ಹುಡುಗಿ ಪತ್ರಿಕೆಯ ಮುಂದೆ ಕಣ್ಣು ಬಿಡುತ್ತಾಳೆ.

ಪದದ ಮಾತು ಬಂದಾಗ ನಮ್ಮ ಕಡೆಯ ಒಂದು ಹಳೇ ನೋವನ್ನೂ ಹೇಳಿಬಿಡುತ್ತೇನೆ. ಮೈಸೂರು ಕಡೆಯವರು ಬೇಜಾರು ಮಾಡಿಕೊಳ್ಳಬಾರದು, ನಾವೆಲ್ಲ ಒಂದೇ ತಾಯಿಯ ಮಕ್ಕಳು. ಆದರೆ ಪುಸ್ತಕದಲ್ಲಿ ಈರುಳ್ಳಿ, ನಮ್ಮ ಮನೆಯಲ್ಲಿ ಉಳ್ಳಾಗಡ್ಡಿ. ಪುಸ್ತಕದಲ್ಲಿ ಕಡಲೆಕಾಯಿ, ಹೊಲದಲ್ಲಿ ಶೇಂಗಾ. ಪುಸ್ತಕದಲ್ಲಿ ಸೀಬೆ, ಗಿಡದಲ್ಲಿ ಪೇರಲ. ಮೊಟ್ಟೆ ಅಂದರೆ ತತ್ತಿ, ಚಿನ್ನ ಅಂದರೆ ಬಂಗಾರ. ಸವದತ್ತಿಯ ಮಗು ಉತ್ತರಪತ್ರಿಕೆಯಲ್ಲಿ ಉಳ್ಳಾಗಡ್ಡಿ ಎಂದು ಬರೆದರೆ ಅದಕ್ಕೆ ಕೆಂಪು ಗೆರೆ ಯಾಕೆ? ಅದು ಕನ್ನಡ ಅಲ್ಲವೇ? ಇನ್ನು ಲೆಕ್ಕದ ರೈಲು! 'ಒಂದು ರೈಲು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ...' ನಮ್ಮ ನಾಲ್ಕೂ ತಾಲೂಕಾ ಊರುಗಳಿಗೆ ಇವತ್ತಿಗೂ ರೈಲು ಬಂದಿಲ್ಲ ಸ್ವಾಮೀ. ಕಿತ್ತೂರಿನ ಮೇಲಿಂದ ಧಾರವಾಡ-ಬೆಳಗಾವಿ ಹಳಿ ಬರುತ್ತದೆ ಎಂದು ಎಷ್ಟು ವರ್ಷದಿಂದ ಕೇಳುತ್ತಿದ್ದೇವೆ, ಬರಲಿ, ಆಗ ಆ ಲೆಕ್ಕ ಕೇಳಿ. ಅಲ್ಲಿಯ ತನಕ ಕಬ್ಬಿನ ಟ್ರ್ಯಾಕ್ಟರಿನ ಮೇಲೆ ಲೆಕ್ಕ ಮಾಡಿದರೆ ಗಣಿತದ ಜಾತಿ ಕೆಡುತ್ತದೆಯೇ?

ಆದ್ದರಿಂದ ಪರೀಕ್ಷೆ ಬೇಕು, ಆದರೆ ಈ ಪರೀಕ್ಷೆ ಅಲ್ಲ. ಪ್ರಶ್ನೆ ಮೊದಲು ಕನ್ನಡದಲ್ಲಿ ಹುಟ್ಟಲಿ. ಇಂಗ್ಲಿಷ್ ಮಾಧ್ಯಮದವರಿಗೆ ಬೇಕಾದರೆ ಅದನ್ನು ಇಂಗ್ಲಿಷಿಗೆ ಅನುವಾದ ಮಾಡಿಕೊಳ್ಳಲಿ, ಒಮ್ಮೆ ಅವರೂ ಆ ಸುಖ ಅನುಭವಿಸಲಿ! ಪತ್ರಿಕೆಯನ್ನು ರಾಜ್ಯಕ್ಕೆ ಹಂಚುವ ಮೊದಲು ರಾಮದುರ್ಗದ ಒಂದು ಹಳ್ಳಿ, ಚಾಮರಾಜನಗರದ ಒಂದು ಹಳ್ಳಿ, ಬೀದರಿನ ಒಂದು ಹಳ್ಳಿಯ ಮಕ್ಕಳ ಮುಂದಿಟ್ಟು ನೋಡಲಿ. ಮಕ್ಕಳಿಗೆ ಉತ್ತರ ಬಾರದಿದ್ದರೆ ಚಿಂತೆಯಿಲ್ಲ, ಪ್ರಶ್ನೆಯೇ ತಿಳಿಯದಿದ್ದರೆ ಅದನ್ನು ಕಿತ್ತು ಹಾಕಲಿ. ಫಲಿತಾಂಶದಿಂದ ಶಾಲೆಗೆ ರ‍್ಯಾಂಕ್ ಹಚ್ಚುವುದು ಬೇಡ. ರ‍್ಯಾಂಕ್ ಹಚ್ಚಿದ ದಿನವೇ ಗುರುಗಳು ಬೋರ್ಡಿನ ಮೇಲೆ ಉತ್ತರ ಬರೆದು ಕೊಡಲು ಶುರು ಮಾಡುತ್ತಾರೆ. ಮೇಲಿನ ಸಾಹೇಬರ ನೋಟೀಸಿಗೆ ಹೆದರಿದ ಮನುಷ್ಯ ಇನ್ನೇನು ಮಾಡಿಯಾನು?

ಫಲಿತಾಂಶ ಹೋಗಬೇಕಾದದ್ದು ತಾಯಿ-ತಂದೆಯ ಕೈಗೆ. 2001ರಿಂದ ಪ್ರತಿ ಸರಕಾರಿ ಶಾಲೆಗೆ ಎಸ್‌ಡಿಎಂಸಿ ಇದೆ. ಪಾಲಕರೇ ಸದಸ್ಯರು. ಅದರ ಸಭೆಯಲ್ಲಿ ಧ್ವಜ ಯಾರು ಹಾರಿಸಬೇಕು, ಗ್ಯಾದರಿಂಗಿಗೆ ಯಾರನ್ನು ಕರೆಯಬೇಕು ಎಂಬುದೇ ಚರ್ಚೆ. ಈ ಮಗು ಪದ ಓದುತ್ತದೆ, ಸಾಲು ಓದುವುದಿಲ್ಲ. ಆ ಮಗು ಕೂಡಿಸುತ್ತದೆ, ಭಾಗಿಸುವುದಿಲ್ಲ ಎಂದು ಒಂದು ಸಾಲು ಬರೆದು ತಾಯಿಗೆ ಓದಿ ಹೇಳಿದರೆ ಆಕೆಗೆ ಶೇಕಡಾವಾರು ತಿಳಿಯದಿದ್ದರೂ ಇದು ತಿಳಿಯುತ್ತದೆ. ಮತ್ತು ಅರ್ಧಕ್ಕಿಂತ ಹೆಚ್ಚು ಮಕ್ಕಳು ಓದದ ಶಾಲೆಗೆ ಮೂರು ತಿಂಗಳೊಳಗೆ ಕಾಯಂ ಶಿಕ್ಷಕರು ಬರಬೇಕು. ಈಗ ಖಾಲಿ ಹುದ್ದೆಗೆ ಹತ್ತು-ಹನ್ನೆರಡು ಸಾವಿರ ರೂಪಾಯಿಯ ಅತಿಥಿ ಶಿಕ್ಷಕರನ್ನು ಕೂರಿಸಿ ಕೈ ತೊಳೆದುಕೊಳ್ಳುತ್ತಾರೆ. ಅತಿಥಿ ಅಂದ ಮೇಲೆ ಬರುತ್ತಾನೆ, ಹೋಗುತ್ತಾನೆ. ಜುಲೈಗೆ ಬಂದವನು ಮಾರ್ಚಿಗೆ ಇರುವುದಿಲ್ಲ. ಮಗುವಿಗೆ ಪರೀಕ್ಷೆ ಇಡುವ ಸರಕಾರ ತನಗೆ ಈ ಒಂದು ಪರೀಕ್ಷೆ ಇಟ್ಟುಕೊಳ್ಳಲಿ.

1982ರಲ್ಲಿ ಗೋಕಾಕ್ ಚಳವಳಿಗೆ ನಾಡೇ ಎದ್ದಿತು. 1994ರ ಭಾಷಾ ನೀತಿಯ ಆದೇಶ ಕೋರ್ಟು ಮೆಟ್ಟಿಲು ಹತ್ತಿ, ಕಡೆಗೆ 2014ರ ಮೇ 6ರಂದು ಸುಪ್ರೀಂ ಕೋರ್ಟಿನಲ್ಲಿ ಬಿತ್ತು. ಕನ್ನಡವನ್ನೇ ಮಾಧ್ಯಮ ಮಾಡಿ ಎಂದು ಸರಕಾರ ಒತ್ತಾಯಿಸುವಂತಿಲ್ಲ ಎಂದಾಯಿತು. 2025ರ ಆಗಸ್ಟಿನಲ್ಲಿ ಸುಖದೇವ ಥೋರಟ್ ಆಯೋಗ ಐದನೇ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷೆಯೇ ಮಾಧ್ಯಮವಾಗಲಿ ಎಂದು ರಾಜ್ಯ ಸರಕಾರಕ್ಕೆ ವರದಿ ಕೊಟ್ಟಿತು. ಒಳ್ಳೆಯದೇ. ಆದರೆ 2014ರ ತೀರ್ಪು ಇರುವ ತನಕ ಪಾಲಕನನ್ನು ಕಾಯ್ದೆಯಿಂದ ಕನ್ನಡ ಶಾಲೆಗೆ ಎಳೆದು ತರಲು ಆಗುವುದಿಲ್ಲ. ಅವನು ತಾನಾಗಿ ಬರಬೇಕು. ಕನ್ನಡ ಶಾಲೆಯ ಐದನೇತ್ತೆಯ ಹುಡುಗಿ ಪೇಪರು ಹಿಡಿದು ಗಳಗಳ ಓದುವುದನ್ನು ಕಟ್ಟೆಯ ಮೇಲೆ ಕೂತ ನಾಲ್ಕು ಜನ ಕೇಳಿದರೆ ಬರುತ್ತಾನೆ. ಸುಪ್ರೀಂ ಕೋರ್ಟು ತಡೆಯಲಾಗದ ಚಳವಳಿ ಅಂದರೆ ಇದೊಂದೇ.

ತಮ್ಮಂದಿರಾ, ತಂಗಿಯರಾ, ನಿಮ್ಮಲ್ಲಿ ಅರ್ಧ ಜನ ಇಂತಹ ಊರುಗಳಿಂದಲೇ ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿ ಸೇರಿದವರು. ದೀಪಾವಳಿಗೆ, ಯುಗಾದಿಗೆ ಊರಿಗೆ ಹೋಗುತ್ತೀರಿ. ಈ ಸಲ ಹೋದಾಗ ಅಸರ್‌ನವರ ಹಾಗೆ ಒಂದು ಹಾಳೆ ತೆಗೆದುಕೊಂಡು ಹೋಗಿ. ನಿಮ್ಮ ಓಣಿಯ ನಾಲ್ಕು-ಐದನೇತ್ತೆಯ ಮಕ್ಕಳನ್ನು ಕಟ್ಟೆಯ ಮೇಲೆ ಕೂರಿಸಿ ಓದಿಸಿ. ಬೈಯಬೇಡಿ, ನಗಬೇಡಿ. ಎಷ್ಟು ಮಕ್ಕಳು ಓದಿದರು, ಎಷ್ಟು ಮಕ್ಕಳು ಯಾವ ಅಕ್ಷರದ ಮುಂದೆ ನಿಂತರು ಎಂದು ಬರೆದುಕೊಳ್ಳಿ. ಹೆಸರು ಬೇಡ, ಲೆಕ್ಕ ಸಾಕು. ಆ ಲೆಕ್ಕವನ್ನು ಎಸ್‌ಡಿಎಂಸಿ ಅಧ್ಯಕ್ಷರ ಕೈಗೆ ಒಂದು ಪ್ರತಿ, ಬಿಇಒ ಕಚೇರಿಗೆ ಒಂದು ಪ್ರತಿ, ಈ ಪತ್ರಿಕೆಗೆ ಒಂದು ಪ್ರತಿ ಕೊಡಿ. ನಾಮಫಲಕಕ್ಕೆ ಮುತ್ತಿಗೆ ಹಾಕಿದವರಿಗೆ ಬಿಇಒ ಕಚೇರಿಯ ಹಾದಿ ಹೇಳಿಕೊಡಬೇಕಾಗಿಲ್ಲ.

ಹಾಳೆ ಎಲ್ಲಿಂದ ತರಬೇಕು ಎಂಬ ಚಿಂತೆ ಬೇಡ. ಉಳ್ಳಾಗಡ್ಡಿ, ಶೇಂಗಾ, ಕಬ್ಬಿನ ಟ್ರ್ಯಾಕ್ಟರು ಇರುವ ಸಣ್ಣ ಕತೆಯೊಂದನ್ನು ನಿವೃತ್ತ ಕನ್ನಡ ಸಾಲಿ ಮಾಸ್ತರರಿಂದ ಬರೆಸಿ, ದಪ್ಪ ಅಕ್ಷರದಲ್ಲಿ ಕಂಪೋಸ್ ಮಾಡಿ ಇಟ್ಟಿದ್ದೇನೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಯಾವ ಊರಿಗೆ ಎಷ್ಟು ಬೇಕು ಎಂದು ನಿಮ್ಮ ಸಂಘಟನೆಯ ಮೂಲಕ ಹೇಳಿ ಕಳಿಸಿ. ಕಾಗದ ನಮ್ಮದು, ಅಚ್ಚಿನ ಖರ್ಚೂ ನಮ್ಮದೇ.